ಕಾಲಮ್ಮಿನ ಕೆಳಗೆ ಒಂದು ಸಾಲು

ನಾನು ನರ್ಸ್ ಕೆಲಸ ಕಲಿತ ವಾರ್ಡಿನಲ್ಲಿ ಕೆಂಪು ಶಾಯಿ ಎಂದರೆ ರಾತ್ರಿ ಪಾಳಿ. ಹಗಲಿನ ಟಿಪ್ಪಣಿ ನೀಲಿಯಲ್ಲಿ, ರಾತ್ರಿಯದು ಕೆಂಪಿನಲ್ಲಿ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಚಾರ್ಟಿನ ಕೆಂಪು ಭಾಗವನ್ನೇ ಮೊದಲು ಓದುತ್ತಿದ್ದರು. ತಪ್ಪಾಗಿ ಬರೆದದ್ದಕ್ಕೆ ಬೇರೆ ಬಣ್ಣ ಇರಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಅಳಿಸಬಾರದು, ಗೀಚಬಾರದು, ಹಾಳೆ ಹರಿಯಬಾರದು. ಬರೆದವಳು ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ರೋಗಿಯ ಹತ್ತಿರ ಉಳಿಯುವುದು ಆ ಹಾಳೆ ಒಂದೇ. ಆದ್ದರಿಂದ ತಪ್ಪು ಕೂಡ ಓದಲು ಬರುವಂತೆ ಅಲ್ಲೇ ಇರಬೇಕು ಎಂದು ನಮಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು. ಹೇಳಿದ್ದನ್ನು ನಾವು ತಿರುಗಿ ಹೇಳಿ ಒಪ್ಪಿಸಿದ ಮೇಲೆಯೇ ಅವರು ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಆ ಅಭ್ಯಾಸಗಳು ನಿವೃತ್ತಿಯ ಜೊತೆ ಹೋಗಲಿಲ್ಲ. ಈಗಲೂ ಚಾದರದ ಮೂಲೆ ಮಡಿಸದೆ ನಾನು ಕೋಣೆ ಬಿಟ್ಟು ಹೊರಡುವುದಿಲ್ಲ. ಶಿರಸಿಯಲ್ಲಿ ಒಂದು ಟ್ರಸ್ಟು ಸಣ್ಣ ಡಯಾಲಿಸಿಸ್ ಕೇಂದ್ರ ನಡೆಸುತ್ತದೆ. ಅಲ್ಲಿ ಬೆಳಗಿನ ಹೊತ್ತು ಬಾಗಿಲ ಬಳಿಯ ಮೇಜಿಗೆ ಕೂರಲು ಯಾರಾದರೂ ಬೇಕಿತ್ತು. ನಾನು ಹೋಗಿ ಕೂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ರೋಗಿಗಳು ಬರುತ್ತಾರೆ. ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಪ್ರತಿಯೊಬ್ಬರಿಗೂ ವಾರದಲ್ಲಿ ಇಂಥ ದಿನ, ಇಂಥ ಪಾಳಿ ಎಂದು ಸರದಿ ಇದೆ. ಆ ಸರದಿ ಇದ್ದರೆ ಮನುಷ್ಯ ಹೇಗೋ ನಡೆಯುತ್ತಾನೆ. ಇಲ್ಲದಿದ್ದರೆ ಮೊದಲು ಪಾದ ಊದುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ.

ನನ್ನ ತಮ್ಮ ಅಲ್ಲಿಯ ರೋಗಿ. ಹೆಗ್ಗರಣೆಯಿಂದ ಆಚೆ ಅವನ ಮನೆ. ಮದುವೆ ಮುಂಜಿಗೆ, ಯಕ್ಷಗಾನದ ಆಟಕ್ಕೆ, ಶಾಲೆಯ ಕಾರ್ಯಕ್ರಮಕ್ಕೆ ಮೈಕ್ ಸೆಟ್ಟು ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಸಕ್ಕರೆ ಕಾಯಿಲೆ ಅವನ ಮೂತ್ರಪಿಂಡ ಎರಡನ್ನೂ ತಿಂದಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಪಾಳಿ ಅವನದು, ಕಿಟಕಿ ಪಕ್ಕದ ಮಂಚ. ಮೊದಲ ಬಸ್ಸಿಗೆ ಹೆಂಡತಿಯ ಜೊತೆ ಹೊರಟು ಬರುತ್ತಿದ್ದ. ಯಂತ್ರ ಹಚ್ಚಿದ ಮೇಲೆ ಸುತ್ತಲಿನ ಮಂಚದವರನ್ನೆಲ್ಲ ಮಾತಾಡಿಸುತ್ತಿದ್ದ. ದೊಡ್ಡ ದನಿ. ಎಷ್ಟೋ ಸಲ ನಾನೇ ಒಳಗೆ ಹೋಗಿ ದನಿ ಇಳಿಸು ಎಂದಿದ್ದೇನೆ.

ಮೊದಲು ಸರದಿಯನ್ನು ನಾನೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಆಮೇಲೆ ಟ್ರಸ್ಟಿನವರು ವೆಬ್‌ಸೈಟ್ ಮಾಡಿಸಿದರು. ಪ್ರತಿ ತಿಂಗಳ ಕೊನೆಯ ವಾರ ರೋಗಿಗಳು ಮೊಬೈಲಿನಲ್ಲೇ ಒಂದು ಫಾರ್ಮ್ ತುಂಬಿ ಮುಂದಿನ ತಿಂಗಳ ಸರದಿ ಖಾತ್ರಿ ಮಾಡಬೇಕು. ಖಾತ್ರಿ ಮಾಡದವರ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ. ನಿಯಮ ಸರಿಯಾಗಿಯೇ ಇತ್ತು. ಯಂತ್ರ ಖಾಲಿ ಬಿಡಬಾರದು, ನಾನೂ ಅದನ್ನು ಒಪ್ಪಿದ್ದೆ.

ಆ ತಿಂಗಳ ಮೊದಲ ಮಂಗಳವಾರ ತಮ್ಮ ಯಾವಾಗಿನಂತೆ ನೇರ ಒಳಗೆ ಹೋದವನು ತಿರುಗಿ ನನ್ನ ಮೇಜಿಗೆ ಬಂದ.

"ಅಕ್ಕಾ, ಎನ್ನ ಮಂಚದಲ್ಲಿ ಯಾರೋ ಮಲಗಿದ್ವಲೆ."

"ನಿನ್ನ ಹೆಸರು ಈ ತಿಂಗಳ ಯಾದೀಲಿ ಇಲ್ಲೆ ತಮಾ."

"ಇಲ್ಲೆ ಅಂದ್ರೆ? ಆನು ಕಳ್ಸಿದ್ದೆ. ಕಲ್ಲಿನ ಹತ್ರ ಹೋಗಿ, ಎಲ್ಲಾ ತುಂಬಿ, ಹಸಿರು ಗುಂಡಿ ಒತ್ತಿದ್ದೆ."

"ಇಲ್ಲಿಗೆ ಬಂದು ಮುಟ್ಟಿದ್ದಿಲ್ಲೆ."

"ಮುಟ್ಟದ್ದೆ ಮತ್ತೆಲ್ಲಿ ಹೋತು? ನಡುವೆ ಎಲ್ಲಾದ್ರೂ ಬಸ್ಸು ಕೆಟ್ಟು ನಿಂತ್ಕಂಡಿದ್ದಾ?"

ಅವನು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ, ಅವನ ಹೆಂಡತಿಗೂ ಬರಲಿಲ್ಲ. ಅವಳು ಮೇಜಿನ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಕೇಳಿದಳು. "ಅತ್ತಿಗೇ, ನಿಂಗ ಒಂದು ಮಾತು ಹೇಳಿರೆ ಆಗ್ತಿಲ್ಯ?"

ಕಿಟಕಿ ಪಕ್ಕದ ಮಂಚದಲ್ಲಿದ್ದವರು ಯಲ್ಲಾಪುರದ ಕಡೆಯ ಒಬ್ಬ ಹೆಂಗಸು. ಬಹಳ ದಿನದಿಂದ ಕಾಯುತ್ತಿದ್ದವರು. ಆಗಲೇ ಅವರ ತೋಳಿಗೆ ಸೂಜಿ ಚುಚ್ಚಿ ಆಗಿತ್ತು, ರಕ್ತ ನಳಿಕೆಯಲ್ಲಿ ಓಡುತ್ತಿತ್ತು.

"ಆ ಮಂಚದಲ್ಲಿದ್ದವ್ಕೂ ಎಲ್ಲೋ ಒಂದು ಅಕ್ಕ ಇದ್ದಿಕ್ಕು" ಎಂದೆ. ತಮ್ಮನ ಹೆಂಡತಿ ಕೈ ಹಿಂದೆ ತೆಗೆದುಕೊಂಡಳು.

ಆ ದಿನ ಕೊನೆಯ ಪಾಳಿಯ ನಂತರ ಒಂದು ಯಂತ್ರ ಸ್ವಲ್ಪ ಹೊತ್ತು ಸಿಕ್ಕಿತು. ಅವನನ್ನು ಹಾಕಿದರು. ಮುಂದಿನ ಸಲದಿಂದ ಹುಬ್ಬಳ್ಳಿಗೆ ಹೋಗಬೇಕೆಂದು ಡಾಕ್ಟರು ಬರೆದುಕೊಟ್ಟರು. ನಾನು ಟ್ರಸ್ಟಿನ ಕಾರ್ಯದರ್ಶಿಯನ್ನು ಕಂಡು ಮಾತಾಡಿದೆ. ತಿಂಗಳು ಮುಗಿಯಲಿ, ಮತ್ತೆ ಫಾರ್ಮ್ ತುಂಬಲಿ, ಜಾಗ ಇದ್ದರೆ ಸಿಗುತ್ತದೆ, ನಿಯಮ ಎಲ್ಲರಿಗೂ ಒಂದೇ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ತಮ್ಮ ಒತ್ತಿದ ಗುಂಡಿ ಏನಾಯಿತು ಎಂಬುದು ತಿಳಿಯಬೇಕಿತ್ತು. ಆ ವೆಬ್‌ಸೈಟ್ ಮಾಡಿದವಳು ಯಲ್ಲಾಪುರದ ಹುಡುಗಿ, ಮೂವತ್ತರ ಹತ್ತಿರದ ವಯಸ್ಸು. ಅವಳ ತಂದೆಯದು ಲಾರಿ ವ್ಯವಹಾರ. ಚಿಕ್ಕಪ್ಪ ಲಾರಿಗಳ ಹಿಂದೆ ಮುಂದೆ ಅಕ್ಷರ ಬರೆಯುವ ಪೇಂಟರ್. ಶಿರಸಿ ಬಸ್ ಸ್ಟ್ಯಾಂಡಿನ ಹತ್ತಿರ ಬುಕ್ ಬೈಂಡಿಂಗ್ ಅಂಗಡಿಯ ಮೇಲೆ ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಕೆಲಸ ಮಾಡುತ್ತಿದ್ದಳು. ನಾನು ಹೋದಾಗ ಕುರ್ಚಿಯ ಮೇಲಿದ್ದ ವೈರುಗಳನ್ನು ಎತ್ತಿ ಕೂರಿಸಿದಳು. ಕಂಪ್ಯೂಟರಿನಲ್ಲಿ ಹುಡುಕಿ ನೋಡಿದಳು.

"ಅವರು ಒತ್ತಿದ್ದು ನಿಜ ಸಿಸ್ಟರ್. ಫಾರ್ಮ್ ತಗೊಂಡಿಲ್ಲ. ರೋಗಿಯ ಮೊಬೈಲ್ ನಂಬರ್, ಈ ಸಲ ಹೊಸದಾಗಿ ಕೇಳಿದ ಜೊತೆಗೆ ಬರುವವರ ಮೊಬೈಲ್ ನಂಬರ್ ಎರಡೂ ಕಾಲಮ್ಮಲ್ಲಿ ಒಂದೇ ನಂಬರ್ ಹಾಕಿದ್ದಾರೆ."

"ಅವರ ಮನೆಯಲ್ಲಿ ಇರುವುದೇ ಒಂದು ಫೋನು."

"ಒಂದೇನಾ?" ಎಂದು ಅವಳು ನನ್ನ ಮುಖ ನೋಡಿದಳು.

"ಮನೆಯೊಳಗೆ ಸಿಗ್ನಲ್ ಬರದ ಊರಿನಲ್ಲಿ ಎರಡು ಫೋನು ಇಟ್ಟುಕೊಂಡು ಮಾಡುವುದೇನು? ಇರಲಿ. ತಪ್ಪಾಗಿದೆ ಎಂದು ಅವನಿಗೆ ಹೇಳಬೇಕಿತ್ತಲ್ಲ?"

"ಫಾರ್ಮ್ ಹೇಳಿದೆ ಸಿಸ್ಟರ್. ನೋಡಿ." ತನ್ನ ಫೋನಿನಲ್ಲಿ ಹಾಗೆಯೇ ತುಂಬಿ ಗುಂಡಿ ಒತ್ತಿದಳು. ಚಕ್ರ ತಿರುಗಿತು. ತೆರೆಯ ತಳದಿಂದ ತಿಳಿ ಗುಲಾಬಿ ಬಣ್ಣದ ಒಂದು ಪಟ್ಟಿ ಮೇಲೆ ಬಂತು, ಅದರಲ್ಲಿ ಸಣ್ಣ ಅಕ್ಷರ. ಕಾಲಮ್ಮು ಎಡಕ್ಕೂ ಬಲಕ್ಕೂ ನಡುಗಿತು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿ ಇಳಿದು ಹೋಗಿತ್ತು.

"ಇಷ್ಟೇನಾ?"

"ಎಲ್ಲಾ ಕಡೆ ಹೀಗೇ ಮಾಡ್ತಾರೆ ಸಿಸ್ಟರ್. ಮೊದಲು ಕಡುಗೆಂಪು ಇಟ್ಟಿದ್ದೆ. ರೋಗಿಗಳು ಹೆದರ್ತಾರೆ, ಮೆತ್ತಗಿರಲಿ, ಬಂದು ತಾನೇ ಹೋಗ್ಲಿ ಅಂತ ಕಾರ್ಯದರ್ಶಿಯವರು ಹೇಳಿದ್ರು. ಆದ್ರೂ ಕೈಯಲ್ಲೇ ಫೋನ್ ಇರುವಾಗ ಯಾಕೆ ಕಾಣ್ಲಿಲ್ಲ ಅಂತ..."

"ಕೈಯಲ್ಲಿ ಇರುವುದಿಲ್ಲ" ಎಂದೆ. "ಭಾನುವಾರ ಬಾ, ತೋರಿಸುತ್ತೇನೆ."

ನಾನು ಹೇಳಿದ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಆಗಲೇ ನನಗೆ ಅವಳು ಇಷ್ಟವಾದಳು.

ತಮ್ಮನ ಊರಿನಲ್ಲಿ ಸಿಗ್ನಲ್ ಸಿಗುವುದು ರಸ್ತೆ ಏರಿನ ತುದಿಯಲ್ಲಿರುವ ಒಂದು ಚಪ್ಪಟೆ ಕಲ್ಲಿನ ಹತ್ತಿರ. ಕಲ್ಲಿನ ಒಂದು ಬದಿಗೆ ಅಂಗೈಯಷ್ಟು ತಗ್ಗಿದೆ. ಫೋನನ್ನು ಅಲ್ಲಿ ಒರಗಿಸಿಟ್ಟರೆ ಸಿಗ್ನಲ್ಲಿನ ಗೆರೆ ನಿಲ್ಲುತ್ತದೆ, ಕೈಯಲ್ಲಿ ಹಿಡಿದು ಬಗ್ಗಿದರೆ ಹೋಗುತ್ತದೆ. ಅಲ್ಲಿ ನೆರಳಿಲ್ಲ. ಅದಕ್ಕೆ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಕಳಿಸುವುದನ್ನು ಕಳಿಸಲು ಗುಂಡಿ ಒತ್ತುವುದು, ಫೋನನ್ನು ತಗ್ಗಿನಲ್ಲಿ ಇಡುವುದು, ಕೆಳಗೆ ಮೋರಿಯ ಕಟ್ಟೆಯ ಮೇಲೆ ನೆರಳಿನಲ್ಲಿ ಹೋಗಿ ಕೂರುವುದು. ಎಲೆಯಡಿಕೆಯ ಕವಳ ಹಾಕಿ, ನಾಲ್ಕು ಮಾತಾಡಿ, ತಿರುಗಿ ಬಂದು ಫೋನು ಎತ್ತಿಕೊಳ್ಳುವುದು. ಅಷ್ಟರಲ್ಲಿ ಹೋಗುವುದು ಹೋಗಿರುತ್ತದೆ. ಯಾರ ಫೋನನ್ನೂ ಯಾರೂ ಮುಟ್ಟುವುದಿಲ್ಲ. ನಾವು ಹೋದಾಗಲೂ ಎರಡು ಫೋನು ಅಲ್ಲಿ ಬಿಸಿಲು ಕಾಯುತ್ತಿದ್ದವು.

ತಮ್ಮ ಮೋರಿಯ ಮೇಲೆ ಕೂತಿದ್ದ. ಹುಬ್ಬಳ್ಳಿಗೆ ಹೋಗಿ ಬಂದ ಮಾರನೆಯ ದಿನ ಅದು. ನಾನು ಮೊದಲು ನೋಡಿದ್ದು ಅವನ ಪಾದ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಮೇಲೇಳಲು ಹೊತ್ತು ಹಿಡಿಯುತ್ತಿತ್ತು.

"ಬನ್ನಿ, ಬನ್ನಿ" ಎಂದು ಅವಳನ್ನು ಕರೆದ. "ಇದೇ ನಮ್ಮೂರ ಟೆಲಿಫೋನ್ ಆಫೀಸು. ಒತ್ತೂದು, ಇಡೂದು, ದೂರ ಹೋಗೂದು. ಹತ್ತಿರ ನಿಂತ್ರೆ ಅದಕ್ಕೆ ನಾಚಿಕೆ."

ಅವಳು ತನ್ನ ಫೋನಿನಲ್ಲಿ ಫಾರ್ಮ್ ತೆರೆದಳು. ಎರಡೂ ಕಾಲಮ್ಮಿಗೆ ಒಂದೇ ನಂಬರ್ ಹಾಕಿ, ಗುಂಡಿ ಒತ್ತಿ, ತಗ್ಗಿನಲ್ಲಿಟ್ಟು ಕೆಳಗೆ ಬಂದು ಕೂತಳು. ತಮ್ಮ ಅವಳ ತಂದೆಯ ಲಾರಿಯ ವಿಷಯ ಕೇಳಿದ. ಅವಳು ಹೇಳಿದಳು. ಆಮೇಲೆ ಎದ್ದು ಹೋಗಿ ಫೋನು ಎತ್ತಿಕೊಂಡಳು. ತುಂಬಿದ ಫಾರ್ಮ್ ತುಂಬಿದ ಹಾಗೇ ಇತ್ತು, ಗುಂಡಿ ಹಸಿರಾಗಿಯೇ ಇತ್ತು. ಏನೂ ಆಗದ ಹಾಗೆ, ಎಲ್ಲ ಸರಿಯಾದ ಹಾಗೆ.

ಅವಳು ಇನ್ನೊಮ್ಮೆ ಒತ್ತಿದಳು. ಈ ಸಲ ಕಲ್ಲಿನ ಎದುರು ಮಂಡಿಯೂರಿ ಕಾದಳು. ಆ ಬಿಸಿಲಿನಲ್ಲಿ ಬಿಳಿಯ ಮೇಲೆ ಬಂದ ತಿಳಿ ಗುಲಾಬಿ ಕಾಣಲೇ ಇಲ್ಲ. ಮೂರನೆಯ ಸಲ ದುಪಟ್ಟಾವನ್ನು ತಲೆಯ ಮೇಲಿಂದ ಫೋನಿನವರೆಗೆ ಎಳೆದು ಕತ್ತಲು ಮಾಡಿಕೊಂಡು ನೋಡಿದಳು.

"ಎಂತ ಹೇಳ್ತು ಅದು?" ಎಂದು ತಮ್ಮ ಕೆಳಗಿನಿಂದ ಕೂಗಿದ.

"ಅಮಾನ್ಯ ನಮೂದು ಅಂತ."

"ಯಾರು? ನಾನಾ?"

ಅವಳು ಫೋನು ಎತ್ತಿಕೊಂಡು ಕೆಳಗೆ ಬಂದು ಕೂತಳು.

ತಮ್ಮನಿಗೆ ಅವಳ ಮುಖ ನೋಡಿ ಪಾಪ ಎನಿಸಿರಬೇಕು. "ನೋಡಿ, ಬೇಜಾರು ಮಾಡ್ಕೋಬೇಡಿ. ನಂದೂ ಇದೇ ಧಂದೆ" ಎಂದು ಮಾತು ತೆಗೆದ. "ಊಟಕ್ಕೆ ಏಳಿ ಅಂತ ಮೈಕಲ್ಲಿ ಒಂದು ಸಲ ಪಿಸುಗುಟ್ಟಿ ಬಂದ್ ಮಾಡಿದ್ರೆ ಅರ್ಧ ಜನಕ್ಕೆ ಹೋಳಿಗೆ ಇಲ್ಲ. ಮತ್ತೆ ಮತ್ತೆ ಕೂಗ್ಬೇಕು. ಕೂಗಿ ಆದ್ಮೇಲೆ ಹಿಂದಿನ ಸಾಲಲ್ಲಿ ಕೂತವನನ್ನ ನೋಡ್ಬೇಕು. ಅವ ಎದ್ದು ಪಂಚೆ ಕೊಡವಿದ್ರೆ ಕೇಳ್ತು ಅಂತ ಲೆಕ್ಕ."

"ಹಿಂದಿನ ಸಾಲಲ್ಲಿ ಕೂತವ ನಿದ್ದೆ ಮಾಡಿದ್ರೆ?" ಎಂದಳು ಅವಳು.

"ಅವನ ಪಾಲಿನ ಹೋಳಿಗೆ ನನಗೆ."

ಅವಳು ಆಗ ಸ್ವಲ್ಪ ನಕ್ಕಳು. ಬಸ್ಸಿನಲ್ಲಿ ಮರಳುವಾಗ ಬಹಳ ದೂರ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಆಫೀಸಲ್ಲಿ ಇದನ್ನ ಎಷ್ಟು ಸಲ ನೋಡಿದೀನಿ ಸಿಸ್ಟರ್. ಫ್ಯಾನಿನ ಕೆಳಗೆ ಕೂತು ನೋಡಿದೀನಿ" ಎಂದಳು. ಕಾರ್ಯದರ್ಶಿಯನ್ನು ದೂರಲಿಲ್ಲ. ಇಳಿಯುವಾಗ, ಮಾತುಗಳನ್ನು ನೀವು ಬರೆದುಕೊಡುತ್ತೀರಾ ಎಂದು ಕೇಳಿದಳು.

ಹಾಗೆ ಆ ತಿಂಗಳು ಮೇಜಿನ ಕೆಲಸ ಮುಗಿದ ಮೇಲೆ ನಾನು ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತತೊಡಗಿದೆ. ತಿಂಗಳ ಕೊನೆಯ ವಾರದೊಳಗೆ ಮುಗಿಯಬೇಕಿತ್ತು. ತಮ್ಮ ಮತ್ತೆ ಫಾರ್ಮ್ ತುಂಬುವವನಿದ್ದ. ಹುಬ್ಬಳ್ಳಿಯ ಓಡಾಟವನ್ನು ಅವನ ದೇಹ ಎಷ್ಟು ಕಾಲ ತಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಕತ್ತಲಿರುವಾಗಲೇ ಹೊರಡಬೇಕು, ಬಸ್ಸು ಬದಲಿಸಬೇಕು, ಯಂತ್ರದಿಂದ ಇಳಿದಾಗ ರಕ್ತದೊತ್ತಡ ಕುಸಿದಿರುತ್ತದೆ, ಅದೇ ಸ್ಥಿತಿಯಲ್ಲಿ ಮತ್ತೆ ಬಸ್ಸು. ಅಂಥ ಎಷ್ಟೋ ಜನರನ್ನು ನಾನು ಕಂಡಿದ್ದೆ.

ಮೊದಲು ಬಣ್ಣದ ಮಾತು ಬಂತು. ನಾನು ಎಲ್ಲ ತಪ್ಪಿಗೂ ದಪ್ಪ ಕೆಂಪು ಬೇಕೆಂದೆ. ಅವಳು ಒಪ್ಪಲಿಲ್ಲ.

"ಅರಬೈಲ್ ಘಾಟಲ್ಲಿ ತಿರುವಿಗೊಂದು ಕೆಂಪು ಬೋರ್ಡ್ ಇದೆ ಸಿಸ್ಟರ್. ಅಪ್ಪನ್ನ ಕೇಳಿ, ಒಂದನ್ನಾದ್ರೂ ಓದಿದಾರಾ ಅಂತ. ಫಾರ್ಮ್ ತುಂಬಾ ಕೆಂಪು ಮಾಡಿದ್ರೆ ಯಾವುದೂ ಕಾಣೂದಿಲ್ಲ. ಮತ್ತೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುವ ಕಣ್ಣೂ ಇರ್ತಾವೆ."

ಕೊನೆಗೆ ಅಕ್ಷರ ಕಪ್ಪಿನಲ್ಲೇ ಇರಲಿ ಎಂದಾಯಿತು, ದಪ್ಪಗೆ, ಬಿಸಿಲಿನಲ್ಲಿ ಓದಲು ಬರುವಷ್ಟು ದೊಡ್ಡದಾಗಿ. ಎಡಬದಿಗೆ ಕಡುಗೆಂಪಿನ ಒಂದು ಅಗಲ ಪಟ್ಟಿ, ಲಾರಿಯ ಬಂಪರಿಗೆ ಹೊಡೆದ ಹಾಗೆ. ಬಣ್ಣ ಕಾಣದವರಿಗೂ ಆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಸಾಲು ಎಲ್ಲೋ ತಳದಲ್ಲಿ ಬರಬಾರದು, ಯಾವ ಕಾಲಮ್ಮು ತಪ್ಪಾಗಿದೆಯೋ ಅದರ ಕೆಳಗೇ ಬರಬೇಕು, ಫಾರ್ಮ್ ತಾನಾಗಿ ಆ ಜಾಗಕ್ಕೆ ಸರಿಯಬೇಕು. ನಡುಗುವುದು ಬೇಡವೆಂದು ನಾನು ಹಟ ಹಿಡಿದೆ. ನಮ್ಮ ರೋಗಿಗಳ ಕೈಯೇ ನಡುಗುತ್ತದೆ, ಎರಡರಲ್ಲಿ ನಡುಗಿದ್ದು ಯಾವುದು ಎಂದು ಅವರಿಗೆ ಹೇಗೆ ತಿಳಿಯಬೇಕು? ಅವಳು ಬೇಸರದಿಂದಲೇ ತೆಗೆದಳು. ಅದು ಅವಳಿಗೆ ಪ್ರೀತಿಯ ಕೆಲಸವಾಗಿತ್ತು.

ಹಸಿರು ಗುಂಡಿ ಬೂದಿ ಬಣ್ಣಕ್ಕೆ ತಿರುಗಿತು. ಎಲ್ಲ ಕೇಂದ್ರಕ್ಕೆ ಬಂದು ಮುಟ್ಟಿದ ಮೇಲೆ ಮಾತ್ರ ಹಸಿರು ಗುರುತು. ತುಂಬಿದ್ದು ಅಳಿಯಬಾರದು. ತಪ್ಪಿನ ಸಾಲು ತಾನಾಗಿ ಹೋಗಬಾರದು, ಸರಿಪಡಿಸಿದ ಮೇಲೆಯೇ ಹೋಗಬೇಕು. ಇದನ್ನು ನಾನು ಹೇಳುವ ಮೊದಲೇ ಅವಳು ಮಾಡಿಟ್ಟಿದ್ದಳು. ಕೇಂದ್ರದವರು ಬಳಸುವ ಪುಟಕ್ಕೂ ಅದೇ ರೀತಿ ಇರಲೆಂದು ಅಲ್ಲಿಗೂ ಸಾಲುಗಳನ್ನು ಬರೆದೆ.

ಮಾತು ಬರೆಯುವುದು ನಾನು ತಿಳಿದಷ್ಟು ಸುಲಭವಿರಲಿಲ್ಲ. 'ಅಮಾನ್ಯ' ಎಂಬುದನ್ನು ಎಲ್ಲ ಕಡೆ ತೆಗೆದೆವು. 'ಈ ನಂಬರನ್ನು ಮೇಲೆಯೂ ಬರೆದಿದ್ದೀರಿ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಇಲ್ಲಿ ಒತ್ತಿ' ಎಂದು ಬರೆದೆ. ವಾರ್ಡಿನಲ್ಲಿ ಹೊಸ ನರ್ಸಿಗೆ ಹೇಳುವ ಹಾಗೆ: ಏನಾಗಿದೆ, ಏನು ಮಾಡಬೇಕು. ಬೈಗುಳ ಇಲ್ಲ, ಮುದ್ದೂ ಇಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಒಂದು ಸಾಲು ಉಳಿಯಿತು. ರೋಗಿ ಎಲ್ಲವನ್ನೂ ಸರಿಯಾಗಿ ತುಂಬಿದ್ದಾನೆ, ಆದರೆ ಜಾಗವಿಲ್ಲ. ಅವಳು ಹಿಂದೆ ಅಲ್ಲಿ ಅಳುವ ಮುಖದ ಚಿತ್ರ ಹಾಕಿ 'ಕ್ಷಮಿಸಿ, ಏನೋ ಎಡವಟ್ಟಾಗಿದೆ' ಎಂದು ಬರೆದಿದ್ದಳು.

"ಇದಕ್ಕೆ ಕೆಂಪು ಪಟ್ಟಿ ಬೇಡ" ಎಂದೆ. "ಇದು ಅವರು ಮಾಡಿದ ತಪ್ಪಲ್ಲ. ಅವರು ಸರಿಪಡಿಸಲು ಬರುವಂಥದ್ದೂ ಅಲ್ಲ. ಕೆಂಪು ಕಂಡರೆ ಮತ್ತೆ ಮತ್ತೆ ತುಂಬುತ್ತಾ ಕೂರುತ್ತಾರೆ."

"ಹಾಗಾದ್ರೆ ಯಾವ ಬಣ್ಣ ಸಿಸ್ಟರ್?"

"ಬಣ್ಣ ಬೇಡ. ಆ ಮುಖವೂ ಬೇಡ."

ಅವಳು ಚಿತ್ರ ತೆಗೆದಳು. ನಾನು ಬರೆದುಕೊಟ್ಟೆ: 'ನೀವು ತುಂಬಿದ್ದು ಸರಿಯಾಗಿದೆ. ಮುಂದಿನ ತಿಂಗಳಿಗೆ ಜಾಗವಿಲ್ಲ. ನಿಮ್ಮ ಹೆಸರನ್ನು ಕಾಯುವವರ ಯಾದಿಗೆ ಸೇರಿಸಿದ್ದೇವೆ.' ಅವಳು ಒಂದೊಂದೇ ಪದವನ್ನು ಕೂರಿಸಿದಳು. ಸಾಲಿನ ನಡುವಿನ ಅಂತರ ಹೆಚ್ಚಿಸಿದಳು. ಆಮೇಲೆ ಕೀಲಿಮಣೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ಇದು ನಿಮ್ಮ ತಮ್ಮನಿಗೇ ಬರಬಹುದಲ್ಲ ಸಿಸ್ಟರ್?"

"ಬಂದರೆ ಅವನಿಗೆ ಓದಲು ಬರಬೇಕು" ಎಂದೆ.

ಕೆಳಗಿನ ಅಂಗಡಿಯಲ್ಲಿ ಕಾಗದದ ಅಂಚು ಕತ್ತರಿಸುವ ಯಂತ್ರದ ಸದ್ದು ಕೇಳುತ್ತಿತ್ತು. ಅವಳು ಅಕ್ಷರವನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿದಳು.

ತಿಂಗಳ ಕೊನೆಯ ವಾರ ಬಂತು. ಯಾದಿ ನನ್ನ ಮೇಜಿನ ಮೇಲೇ ಇತ್ತು. ಈ ತಿಂಗಳು ಜಾಗ ಇದ್ದವರೆಲ್ಲ ಮುಂದಿನ ತಿಂಗಳಿಗೆ ಮೊದಲ ಹಕ್ಕಿನವರು, ಅವರ ಹಿಂದೆ ಸರದಿ ಇದ್ದು ಕಳೆದುಕೊಂಡವರು. ಕಿಟಕಿ ಪಕ್ಕದ ಮಂಚದ ಹೆಂಗಸು ಮೊದಲ ದಿನವೇ ಖಾತ್ರಿ ಮಾಡಿದರು. ಬೇರೆಯವರೂ ಒಬ್ಬೊಬ್ಬರಾಗಿ ಮಾಡಿದರು. ಹೊಸ ಫಾರ್ಮ್ ಚೆನ್ನಾಗಿ ಕೆಲಸ ಮಾಡಿತು. ಮೊದಲೆಲ್ಲ ಒಂದಿಬ್ಬರಾದರೂ ಕಳಿಸಲು ತಪ್ಪುತ್ತಿದ್ದರು. ಈ ಸಲ ಯಾರೂ ತಪ್ಪಲಿಲ್ಲ. ಕಾರ್ಯದರ್ಶಿ ಬಂದು ಯಾದಿ ನೋಡಿ ಒಂದು ಜಾಗವೂ ಖಾಲಿ ಇಲ್ಲವೆಂದು ಸಂತೋಷಪಟ್ಟರು. ಅವರ ಸಂತೋಷದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನನ್ನ ಕೈ ಯಾದಿಯ ಅಂಚನ್ನು ಸರಿಪಡಿಸುತ್ತಲೇ ಇತ್ತು.

ಮಧ್ಯಾಹ್ನ ನನ್ನ ಫೋನು ರಿಂಗಾಯಿತು. ಕಲ್ಲಿನ ಹತ್ತಿರದಿಂದ ತಮ್ಮ. ಗಾಳಿಯ ಸದ್ದು, ಅವನ ಏದುಸಿರು.

"ಅಕ್ಕಾ, ತುಂಬಿದೆ."

"ಒಂದೇ ಫೋನು ಹೇಳಿ ಒತ್ತಿದ್ಯಾ?"

"ಒತ್ತಿದೆ. ಇಟ್ಟಿಕ್ಕಿ ಮೋರಿ ಹತ್ರ ಹೋಗಿ ಕೂತಿದ್ದೆ. ತಿರುಗಿ ಬಂದು ನೋಡಿದೆ. ಜಾಗ ಇಲ್ಲೆ ಹೇಳಿ ಸಾಲು ಅಲ್ಲೇ ಇದ್ದು."

ನಾನು ಯಾದಿಯನ್ನು ಹತ್ತಿರ ಎಳೆದುಕೊಂಡೆ.

"ನೀ ಬರದ್ದು ಅಲ್ದಾ ಇದು? ಓದಿದ ಕೂಡ್ಲೆ ಗೊತ್ತಾತು. ಸಣ್ಣಿದ್ದಾಗಿಂದ ನೀ ಹಿಂಗೇ ಮಾತಾಡದು. ಚೊಲೋ ಇದ್ದು ಅಕ್ಕಾ. ಹಿಂದೆ ಕೂತವಂಗೂ ಕೇಳ್ತು."

"ಕಾಯ್ತಾ ಇಪ್ಪವರ ಯಾದೀಲಿ ನಿನ್ನ ಹೆಸರು ಮೊದ್ಲಿದ್ದು ತಮಾ."

"ಮೊದ್ಲಿಂದು ಅಂದ್ರೆ, ಈಗ ಒಂದು ಮಂಚ ಖಾಲಿ ಆಗವು. ಹೆಂಗೆ ಖಾಲಿ ಆಗ್ತು ಹೇಳಿ ನೀ ಬರದ್ದಿಲ್ಲೆ. ಅದೊಂದು ಬಿಟ್ಟು ಎಲ್ಲಾ ಬರದ್ದೆ" ಎಂದು ನಕ್ಕ. ನಗು ಕೆಮ್ಮಾಯಿತು. ಆಮೇಲೆ ಗೆರೆ ಹೋಯಿತು.

ಮಂಚ ಹೇಗೆ ಖಾಲಿಯಾಗುತ್ತದೆ ಎಂದು ಡಯಾಲಿಸಿಸ್ ಕೇಂದ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಯುವವರ ಯಾದಿಯಲ್ಲಿ ಇರುವವರಿಗೆ ಹೇಳಬೇಕಾಗಿಯೂ ಇಲ್ಲ. ಅವನು ಇಷ್ಟು ವರ್ಷ ಅಕ್ಕಪಕ್ಕದ ಮಂಚದವರನ್ನು ಹೆಸರು ಹಿಡಿದು ಮಾತಾಡಿಸಿದವನು. ಅವರಲ್ಲಿ ಯಾರೊಬ್ಬರ ಮಂಚವೂ ಖಾಲಿಯಾಗಲೆಂದು ಅವನು ಬಯಸಿರಲಾರ. ನಾನು ಬೆಳಿಗ್ಗೆ ಮೇಜಿಗೆ ಬಂದ ಕೂಡಲೇ ಒಳಗೆ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ. ಎಲ್ಲರೂ ಇದ್ದರೆ ಒಳ್ಳೆಯದೆಂದು ಅನಿಸುತ್ತಿತ್ತು. ಅನಿಸಬೇಕಾದಷ್ಟು ಬೇಗ ಅನಿಸುತ್ತಿರಲಿಲ್ಲ.

ಅವನು ಹುಬ್ಬಳ್ಳಿಗೆ ಹೋಗುತ್ತಾ ಬರುತ್ತಾ ಇದ್ದ. ಹೋಗುವಾಗ ಕೆಲವೊಮ್ಮೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಾನು ಇಡ್ಲಿ ಕಟ್ಟಿ ತೆಗೆದುಕೊಂಡು ಹೋಗಿ ಕೊಡುತ್ತಿದ್ದೆ. ದನಿ ಮೊದಲಿನಷ್ಟು ಇರಲಿಲ್ಲ. ಇಳಿಸು ಎಂದು ಹೇಳಬೇಕಾದ ಪ್ರಸಂಗ ಮತ್ತೆ ಬರಲಿಲ್ಲ. ಮೈಕ್ ಸೆಟ್ಟನ್ನು ಊರಿನ ಒಬ್ಬರಿಗೆ ವಹಿಸಿಬಿಟ್ಟ. ಒಂದು ವಾರ ಗಾಳಿಮಳೆಗೆ ರಸ್ತೆಯ ಮೇಲೆ ಮರ ಬಿದ್ದು ಬಸ್ಸು ಬರಲಿಲ್ಲ, ಒಂದು ಸರದಿ ತಪ್ಪಿತು. ಮುಂದಿನದಕ್ಕೆ ಹೊರಡುವ ಮೊದಲೇ ಉಸಿರು ಕಟ್ಟಿತು. ಆಂಬುಲೆನ್ಸಿನಲ್ಲಿ ಶಿರಸಿಯ ಆಸ್ಪತ್ರೆಯವರೆಗೆ ಬಂದ. ನಾನು ಮುಟ್ಟುವಾಗ ಅವನಿಗೆ ಎಚ್ಚರವಿರಲಿಲ್ಲ. ಶ್ವಾಸಕೋಶದ ತುಂಬ ನೀರು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ, ಬಾಗಿಲಿನಿಂದಲೇ ಕೇಳುತ್ತಿತ್ತು. ಮಧ್ಯಾಹ್ನಕ್ಕೆ ಮುಗಿಯಿತು. ಡ್ಯೂಟಿಯಲ್ಲಿದ್ದ ನರ್ಸು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಳು. ಈಗ ಹಗಲಿಗೂ ರಾತ್ರಿಗೂ ಒಂದೇ ಬಣ್ಣ.

ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಆ ಮಂಗಳವಾರದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ ನಾನು ಮೇಜಿಗೆ ಮರಳಿದೆ. ಕ್ಯಾಲೆಂಡರಿನ ಹಾಳೆ ಹರಿದೆ, ಪೆನ್ನುಗಳನ್ನು ಸಾಲಾಗಿಟ್ಟೆ. ಕಾಯುವವರ ಯಾದಿಯಲ್ಲಿ ಮೊದಲ ಹೆಸರು ಇನ್ನೂ ಅವನದೇ. ಅದನ್ನು ತೆಗೆಯದೆ ಕೆಳಗಿನವರು ಮೇಲೆ ಬರುವ ಹಾಗಿರಲಿಲ್ಲ. ಯಲ್ಲಾಪುರದ ಹುಡುಗಿ ಫೋನು ಮಾಡಿ, "ನಾನು ಇಲ್ಲಿಂದಲೇ ತೆಗೀತೀನಿ ಸಿಸ್ಟರ್, ನೀವು ಮಾಡಬೇಡಿ" ಎಂದಳು. ಅದು ಮೇಜಿನವರ ಕೆಲಸ, ನಾನೇ ಮಾಡುತ್ತೇನೆ ಎಂದೆ.

ಹೆಸರಿನ ಮುಂದಿನ ಗುಂಡಿ ಒತ್ತಿದೆ. ಒಂದು ಕಾಲಮ್ಮು ತೆರೆಯಿತು. ಅದರಲ್ಲಿ ಏನನ್ನೂ ಬರೆಯದೆ ಮುಂದಿನ ಗುಂಡಿ ಒತ್ತಿದೆ. ಕಾಲಮ್ಮಿನ ಕೆಳಗೆ, ಕಡುಗೆಂಪು ಪಟ್ಟಿಯ ಪಕ್ಕದಲ್ಲಿ, ಕಪ್ಪು ಅಕ್ಷರದಲ್ಲಿ ಬಂತು: 'ಕಾರಣ ಬರೆದಿಲ್ಲ. ಕಾರಣ ಬರೆದ ಮೇಲೆ ಹೆಸರು ತೆಗೆಯಬಹುದು.'

ನಾನೇ ಬರೆದ ಸಾಲು. ಓದಲು ಯಾವ ಕಷ್ಟವೂ ಇರಲಿಲ್ಲ.

ಎದ್ದು ಒಳಗೆ ಹೋದೆ. ಬೆಳಗಿನ ಪಾಳಿಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದೆ. ಕಿಟಕಿ ಪಕ್ಕದ ಮಂಚದ ಹೆಂಗಸಿಗೆ ಕಾಲಿನ ಮೇಲಿಂದ ಚಾದರ ಸರಿದಿತ್ತು, ಎಳೆದು ಮೂಲೆ ಮಡಿಸಿದೆ. ಅವರ ಪಾದ ಊದಿರಲಿಲ್ಲ. ಬಿಸಿಲು ಬೀಳುತ್ತಿದ್ದ ಕಡೆ ಪರದೆ ಎಳೆದೆ, ನೀರಿನ ಜಗ್ಗಿಗೆ ಮುಚ್ಚಳ ಹಾಕಿದೆ, ಕೈ ತೊಳೆದುಕೊಂಡೆ.

ಮೇಜಿಗೆ ಬಂದಾಗ ಸಾಲು ಅಲ್ಲೇ ಇತ್ತು. ಕನ್ನಡಕ ಹಾಕಿಕೊಂಡು ಕಾರಣ ಬರೆದೆ.